ಪೊರೆ ತೆಗೆದ ಮೇಲೆ ಮರಳುವ ದೃಷ್ಟಿ, ಮರಳದ ದೃಷ್ಟಿ

ಕಾಡಶೆಟ್ಟಿಹಳ್ಳಿಯ ಪಂಚಾಕ್ಷರ ಗವಾಯಿಗಳು, ದೇವಗಿರಿಯ ಪುಟ್ಟರಾಜ ಗವಾಯಿಗಳು ಇಬ್ಬರೂ ಹಾನಗಲ್ಲ ತಾಲೂಕಿನಲ್ಲಿ ಜನಿಸಿದವರು. ಅಂಧ ಬಾಲಕನ ಸಂಗೀತ ಪ್ರತಿಭೆಯನ್ನು ಗುರುತಿಸಿ ಪೋಷಿಸಿದ ಪರಮಪೂಜ್ಯ ಹಾನಗಲ್ಲ ಕುಮಾರ ಶಿವಯೋಗಿಗಳ ಈ ನೆಲದಲ್ಲಿ ಕಣ್ಣಿನ ಮಾತನ್ನು ನಾವು ಲಘುವಾಗಿ ಕಾಣಲಾರೆವು. ‘ಪೊರಿ ತೆಗಿಸೇನ್ರಿ ಅಜ್ಜಾರ, ಆದರೂ ಮೊದಲಿನಂಗ ಕಾಣವಲ್ದು’ ಎಂದು ಕೊರಗುವ ಹಿರಿಯರಿದ್ದಾರೆ. ಪೊರೆಯೊಡನೆ ಗ್ಲಾಕೋಮಾ ಕೂಡ ಇದ್ದವರ ಮಾತಿದು.

ಪೊರೆಯೆಂದರೆ ಕಣ್ಣೊಳಗಿನ ಮಸೂರ ಮಬ್ಬಾಗುವುದು. ಅದನ್ನು ತೆಗೆದು ಕೃತಕ ಮಸೂರವನ್ನಿಟ್ಟರೆ ಬೆಳಕು ಮತ್ತೆ ಒಳಸೇರುತ್ತದೆ. ಗ್ಲಾಕೋಮಾ ಹಾಗಲ್ಲ. ಕಣ್ಣೊಳಗಿನ ದ್ರವ ಸರಾಗವಾಗಿ ಹೊರಹರಿಯದೆ ಒತ್ತಡವೇರಿ, ನೋಟವನ್ನು ಮಿದುಳಿಗೆ ಒಯ್ಯುವ ನರವೇ ಸವೆಯುತ್ತದೆ. ಮೊದಲು ಅಂಚಿನ ನೋಟ ಹೋಗುವುದರಿಂದ ಬಹುಕಾಲ ಅರಿವಿಗೇ ಬಾರದು. ಎರಡೂ ಇದ್ದಾಗ ವೈದ್ಯರು ಒಂದೇ ಬಾರಿಗೆ ಪೊರೆ ತೆಗೆದು, ಮೇಲ್ರೆಪ್ಪೆಯ ಮರೆಯಲ್ಲಿ ದ್ರವ ಹರಿಯಲು ಕಿರುದಾರಿಯೊಂದನ್ನು ಮಾಡುವುದುಂಟು. ಪೊರೆ ಮರೆಮಾಡಿದ್ದ ದೃಷ್ಟಿ ಮರಳುತ್ತದೆ. ನರದೊಡನೆ ಹೋದದ್ದು ಮರಳದು. ಕಿರುದಾರಿಯ ಕೆಲಸ ಉಳಿದುದನ್ನು ಕಾಯುವುದಷ್ಟೇ.

ಬರಿಯ ಪೊರೆ ತೆಗೆಸಿದ ನೆರೆಯವರು ಕೆಲವೇ ದಿನಗಳಲ್ಲಿ ಚೆನ್ನಾಗಿ ಕಾಣುವುದನ್ನು ನೋಡಿ ಇವರು ಎದೆಗುಂದುತ್ತಾರೆ. ಇಲ್ಲಿ ಒತ್ತಡ ನೆಲೆಗೊಳ್ಳುವವರೆಗೆ ನೋಟವೂ ಏರಿಳಿಯುತ್ತದೆ. 6ರಿಂದ 12 ವಾರ ಹಿಡಿಯಬಹುದು. ಕನ್ನಡಕ ಆಮೇಲಿನದು. ದೂರದ ನೋಟಕ್ಕೆಂದು ಮಸೂರ ಕೂರಿಸಿದ್ದರೆ ಅಂಗೈಯಲ್ಲಿಯ ಇಷ್ಟಲಿಂಗ ಸ್ಪಷ್ಟವಾಗಿ ಕಾಣಲು ಹತ್ತಿರದ ಕನ್ನಡಕ ಬೇಕಾದೀತು. ಅದು ಚಿಕಿತ್ಸೆಯ ದೋಷವಲ್ಲ.

ನಿತ್ಯಾಚರಣೆಯಲ್ಲಿಯೂ ಎಚ್ಚರ ಬೇಕು. ಪಾದೋದಕದ ಒದ್ದೆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳಬಾರದು. ವಿಭೂತಿ ಕಣ್ಣಿಗೆ ಉದುರಬಾರದು. ವೈದ್ಯರು ಒಪ್ಪುವವರೆಗೆ ತಲೆಸ್ನಾನವೂ ದೀರ್ಘದಂಡ ನಮಸ್ಕಾರವೂ ಬೇಡ. ಕುಳಿತಲ್ಲಿಯೇ ಶರಣೆಂದರೆ ಭಕ್ತಿಗೇನೂ ಕೊರತೆಯಿಲ್ಲ. ತಲೆಕೆಳಗಾದರೆ ಕಣ್ಣಿನೊತ್ತಡ ಏರುವುದರಿಂದ ಶೀರ್ಷಾಸನವನ್ನು ಬಿಟ್ಟೇಬಿಡಬೇಕು.

ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ಮರುತಪಾಸಣೆ ತಪ್ಪಿಸುವುದು. ಸುಗ್ಗಿಯ ಕೆಲಸವೆಂದೋ, ಹುಬ್ಬಳ್ಳಿಗೆ ಕರೆದೊಯ್ಯುವವರಿಲ್ಲವೆಂದೋ ದಿನ ಮುಂದೂಡುತ್ತೇವೆ. ಆದರೆ ಗಾಯ ಮಾಯುವ ಕಣ್ಣಿನ ಸಹಜ ಗುಣವೇ ಆ ಕಿರುದಾರಿಯನ್ನು ಮುಚ್ಚಿಬಿಡಬಲ್ಲದು. ಆರಂಭದ ವಾರಗಳಲ್ಲಿಯೇ ವೈದ್ಯರು ಹೊಲಿಗೆ ಸಡಿಲಿಸಿ ಹರಿವನ್ನು ಸರಿಪಡಿಸಬಲ್ಲರು. ನೋವಿಲ್ಲವೆಂದು ಹನಿ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು. ವರ್ಷಗಳ ನಂತರವೂ ಕಣ್ಣು ಕೆಂಪಾಗಿ ನೋವು, ಕೀವು, ಮಬ್ಬು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಗ್ಲಾಕೋಮಾ ಮನೆತನದಲ್ಲಿ ಹರಿದುಬರುವ ಸಂಭವವಿದೆ. ಆದ್ದರಿಂದ ರೋಗಿಯನ್ನು ತಪಾಸಣೆಗೆ ಕರೆದೊಯ್ಯುವ ಅಣ್ಣತಮ್ಮಂದಿರು, ಅಕ್ಕತಂಗಿಯರು, 40 ದಾಟಿದ ಮಕ್ಕಳು ಅದೇ ದಿನ ತಮ್ಮ ಕಣ್ಣಿನೊತ್ತಡವನ್ನೂ ನರವನ್ನೂ ತೋರಿಸಿಕೊಂಡು ಬರಬೇಕು.