ಕಬ್ಬಿನ ಎಲೆಯಡಿ ಹತ್ತಿಯಂಥ ಬಿಳಿ ಪದರ ಯಾವುದು? ಪರಿಹಾರವೇನು?

ಅದು ಬಿಳಿ ಉಣ್ಣೆ ಹೇನು. 2002ರಲ್ಲಿ ಮಹಾರಾಷ್ಟ್ರದ ಸಾಂಗಲಿ ಭಾಗದಲ್ಲಿ ಹೆಚ್ಚಿದ ಈ ಕೀಟ, ಅದೇ ವರ್ಷ ಉತ್ತರ ಕರ್ನಾಟಕದ ಕಬ್ಬಿಗೂ ಹಬ್ಬಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನೀರಾವರಿ ಕಬ್ಬಿನಲ್ಲೂ ಇದರ ಮೇಲೆ ನಿಗಾ ಅಗತ್ಯ.

ಎಲೆ ಮಗುಚಿದರೆ ನಡುನರದ ಎರಡೂ ಬದಿ ಮೇಣದ ಬಿಳಿ ಎಳೆ ಹೊದ್ದ ಹೇನುಗಳು ಒತ್ತಾಗಿ ಕಾಣುತ್ತವೆ. ಅವು ರಸ ಹೀರಿ ಸುರಿಸುವ ಅಂಟುದ್ರವ ಕೆಳಗಿನ ಎಲೆಗಳ ಮೇಲೆ ಬಿದ್ದು, ಅಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಇಳುವರಿ, ಸಕ್ಕರೆ ಅಂಶ ಎರಡೂ ಕುಗ್ಗುತ್ತವೆ.

ಅಗಲ ಸಾಲು, ಮಿತವಾದ ಯೂರಿಯಾ ಒಳ್ಳೆಯದು. ಹೇನು ಹತ್ತಿದ ಸೋಗೆಯನ್ನು ಬೇರೆ ಹೊಲಕ್ಕೆ ಒಯ್ಯಬಾರದು. ಡೈಫಾ ಹುಳು, ಮೈಕ್ರೋಮಸ್ ಕೀಟಗಳು ಹೇನುಗಳನ್ನೇ ತಿನ್ನುತ್ತವೆ; ಅವು ಕಂಡಲ್ಲಿ ಕೀಟನಾಶಕ ಸಿಂಪಡಿಸಬಾರದು.