ನಿಮಗಿದು ಗೊತ್ತೆ? ಫ್ರಾನ್ಸಿನಲ್ಲಿ ಬರೆದ ಮಲೆನಾಡು

1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾರಾವ್ ಫ್ರಾನ್ಸಿನಲ್ಲಿ ನೆಲೆಸಿದ್ದಾಗ ಬರೆದ, 1938ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಕಾಂತಾಪುರ’ ಎಂಬ ಇಂಗ್ಲಿಷ್ ಕಾದಂಬರಿಯ ಊರು ಕಲ್ಪಿತವಾದರೂ, ಅದರ ಘಟ್ಟಸಾಲು, ಹೇಮಾವತಿಯನ್ನು ನೆನಪಿಸುವ ‘ಹಿಮವತಿ’ ನದಿ, ಬಿಳಿ ದೊರೆಯ ಕಾಫಿ ತೋಟ ಹಾಗೂ ಗ್ರಾಮದೇವತೆ ಕೆಂಚಮ್ಮ ಹಾನುಬಾಳು, ಸಕಲೇಶಪುರ, ಆಲೂರು ಸೀಮೆಯ ಓದುಗರಿಗೆ ಪರಿಚಿತವೆನಿಸುತ್ತವೆ; ಆಲೂರು ತಾಲ್ಲೂಕಿನ ಹೋಬಳಿಯೊಂದರ ಹೆಸರೇ ಕೆಂಚಮ್ಮನ ಹೊಸಕೋಟೆ. ವಲಸೆ ಲೇಖಕರು ತಾಯ್ನೆಲವನ್ನು ಬರಿಯ ಹಂಬಲದಿಂದ ಚಿತ್ರಿಸುತ್ತಾರೆಂಬ ಮಾತು ಇಲ್ಲಿ ಸಲ್ಲದು: ಊರಿನ ದೈವ, ಬೆಟ್ಟ, ಹೊಳೆಗಳ ಮಹಿಮೆ ಸಾರುವ ಸ್ಥಳಪುರಾಣದ ಧಾಟಿಯಲ್ಲಿ ಅಚ್ಚಕ್ಕನೆಂಬ ಅಜ್ಜಿ ಹೇಳುವ ಈ ಕಥೆಯು ಅಲ್ಲಿನ ಜಾತಿಭೇದವನ್ನಾಗಲಿ ತೋಟದ ಕೂಲಿಗಳ ಮೇಲಿನ ದೌರ್ಜನ್ಯವನ್ನಾಗಲಿ ಮರೆಮಾಚುವುದಿಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿ ಊರು ಪಾಳುಬಿದ್ದ ಮೇಲೆ, ಅಚ್ಚಕ್ಕನೂ ಕಾಶೀಪುರಕ್ಕೆ ವಲಸೆ ಹೋಗಿ ಅಲ್ಲಿಂದಲೇ ಈ ಕಥೆಯನ್ನು ಹೇಳುತ್ತಾಳೆ.