ಸತ್ತ ಮೀನಿನ ಮಿದುಳೂ ಮಿನುಗಿತು

ಹತ್ತು ಡಾಲರ್ ಇದೆ, ಹಂಚುವವನು ಇನ್ನೊಬ್ಬ. ಒಂಬತ್ತು ತನಗಿಟ್ಟುಕೊಂಡು ಒಂದನ್ನು ನಿಮ್ಮತ್ತ ತಳ್ಳುತ್ತಾನೆ. ಒಪ್ಪಿದರೆ ಅಷ್ಟಾದರೂ ದಕ್ಕಿತು. ಒಲ್ಲೆನೆಂದರೆ ಇಬ್ಬರಿಗೂ ಚಿಪ್ಪೇ ಗತಿ. ಬಂದಷ್ಟು ಬರಲಿ ಎನ್ನುತ್ತದೆ ಅರ್ಥಶಾಸ್ತ್ರ. ಆದರೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಆಲನ್ ಸ್ಯಾನ್ಫಿ ಮತ್ತು ಸಂಗಡಿಗರು 19 ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಈ ಆಟ ಆಡಿಸಿದಾಗ, ಇಂಥ ಪಾಲನ್ನು ಎಷ್ಟೋ ಸಲ ಅವರು ಬೇಡವೆಂದರು. ಆಗ ಮಿದುಳಿನ ‘ಇನ್ಸುಲಾ’ ಚುರುಕಾಗಿತ್ತು. ಕೆಟ್ಟ ವಾಸನೆಗೆ ಹೇಸಿಕೊಂಡಾಗ ಚುರುಕಾಗುವ ಜಾಗವೂ ಅದೇ. ಅದೇ ಒಂದು ಡಾಲರನ್ನು ಕಂಪ್ಯೂಟರ್ ಕೊಟ್ಟರೆ ಅಷ್ಟು ಸಿಟ್ಟು ಬರಲಿಲ್ಲ! 2003ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಬೋನಸ್ ಹಂಚುವ ಮ್ಯಾನೇಜರುಗಳು ಒಮ್ಮೆ ಓದಬೇಕು. ನೌಕರನನ್ನು ಕೆರಳಿಸುವುದು ಮೊತ್ತವೊಂದೇ ಅಲ್ಲ, ಕೊಟ್ಟ ಕೈ ಕೂಡ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. 2011ರಲ್ಲಿ ಮಾರುಕಟ್ಟೆ ಸಲಹೆಗಾರ ಮಾರ್ಟಿನ್ ಲಿಂಡ್‌ಸ್ಟ್ರಾಮ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ, ಜನ ಐಫೋನನ್ನು ನಿಜಕ್ಕೂ ಪ್ರೀತಿಸುತ್ತಾರೆ ಎಂದು ಬರೆದರು. ಪುರಾವೆ? ಅದೇ ಇನ್ಸುಲಾ. ಅಲ್ಲಿ ಹೇಸಿಗೆ, ಇಲ್ಲಿ ಪ್ರೇಮ! ರಸೆಲ್ ಪೋಲ್ಡ್ರಾಕ್ ಸೇರಿ ಹಲವು ನರವಿಜ್ಞಾನಿಗಳು ಪತ್ರಿಕೆಗೆ ಆಕ್ಷೇಪ ಬರೆದರು: ಮಿದುಳಿನ ಚಿತ್ರ ತೆಗೆದ ಅಧ್ಯಯನಗಳಲ್ಲಿ ಹೆಚ್ಚುಕಮ್ಮಿ ಮೂರರಲ್ಲೊಂದರಲ್ಲಿ ಇನ್ಸುಲಾ ಚುರುಕಾಗಿರುತ್ತದೆ. ಹೊಗೆ ಕಂಡದ್ದು ನಿಜ. ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದನ್ನು ಹೊಗೆ ಹೇಳುವುದಿಲ್ಲ.

ಯಂತ್ರ ಅಳೆಯುವುದು ಯೋಚನೆಯನ್ನಲ್ಲ, ರಕ್ತದ ಆಮ್ಲಜನಕದಲ್ಲಿನ ಏರಿಳಿತವನ್ನು. ಮಿದುಳಿನ ಸಂಶೋಧಕ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಒಂದೂವರೆ ಅಡಿಯ ಸಾಲ್ಮನ್ ಮೀನೊಂದನ್ನು ಅದರೊಳಗಿಟ್ಟು, ಮನುಷ್ಯರ ಫೋಟೊ ತೋರಿಸಿ, ಇವರ ಭಾವನೆ ಏನೆಂದು ಕೇಳಿದರು. ಮೀನು ಸತ್ತಿತ್ತು. ಆದರೂ ಮಿದುಳಿನ ಕೆಲವು ಚುಕ್ಕೆಗಳು ಮಿನುಗಿದವು. ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಕೆಲವು ಸುಮ್ಮಸುಮ್ಮನೆ ಹೊಳೆಯುವುದು ಇದ್ದದ್ದೇ. ಅದಕ್ಕೆ ತಕ್ಕಂತೆ ಲೆಕ್ಕ ತಿದ್ದಿದ ಮೇಲೆ ಮೀನು ತೆಪ್ಪಗಾಯಿತು. ಈ ಕೀಟಲೆಗೆ 2012ರಲ್ಲಿ, ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಂತು.

ನಾನೊಮ್ಮೆ ಆಫೀಸಿನ ತರಬೇತಿಯೊಂದರಲ್ಲಿ ಕೂತಿದ್ದೆ. ಪರದೆಯ ಮೇಲೆ ಬೂದು ಮಿದುಳು, ಮುಂಭಾಗದಲ್ಲಿ ಕುಂಕುಮವಿಟ್ಟಂತೆ ಕೆಂಪು ಚುಕ್ಕೆ. ‘ಇದೇ ನಾಯಕತ್ವದ ಕೇಂದ್ರ’ ಎಂದರು ತರಬೇತುದಾರರು. ಅಕೌಂಟ್ಸಿನ ಹಿರಿಯರೊಬ್ಬರು ಕೈಯೆತ್ತಿ, ‘ಎಷ್ಟು ಜನರನ್ನು ನೋಡಿ ಹೇಳಿದ್ದು ಸಾರ್?’ ಎಂದು ಕೇಳಿದರು.

ತರಬೇತುದಾರರು ಮುಂದಿನ ಸ್ಲೈಡಿಗೆ ಹೋದರು.